ಹಾಡು ಹಿಡಿದಿಟ್ಟ ಹುಳು

1942ರಲ್ಲಿ ಅಮೆರಿಕದ ಗ್ರಾಮಫೋನ್ ಅಂಗಡಿಗಳಲ್ಲಿ ವಿಚಿತ್ರ ವ್ಯಾಪಾರವೊಂದು ಶುರುವಾಯಿತು. ಹೊಸ ಹಾಡಿನ ಪ್ಲೇಟು ಬೇಕೆಂದು ಬಂದ ಗಿರಾಕಿಗೆ ಹಲವು ಕಡೆ ಬರೀ ದುಡ್ಡು ಕೊಟ್ಟರೆ ಸಾಲುತ್ತಿರಲಿಲ್ಲ. ಮನೆಯಲ್ಲಿದ್ದ ಹಳೇ ಪ್ಲೇಟೊಂದನ್ನು ತಂದು ಗಲ್ಲೆಯ ಮೇಲಿಡಬೇಕಿತ್ತು. ಸವೆದು ಕಿರುಗುಟ್ಟುವುದಾದರೂ ಆದೀತು, ಒಡೆದ ಚೂರಾದರೂ ಆದೀತು. ಕಾರ್ಖಾನೆಯವರು ಅದನ್ನು ಪುಡಿ ಮಾಡಿ, ಕಾಯಿಸಿ, ಮತ್ತೆ ಹೊಸ ಪ್ಲೇಟು ಒತ್ತುತ್ತಿದ್ದರು. ಹಾಡುಗಾರರಿಗೇನೂ ಬರವಿರಲಿಲ್ಲ, ಯಂತ್ರಗಳೂ ಇದ್ದವು. ಇಲ್ಲದ್ದು ಒಂದೇ: ಭಾರತದ ಕಾಡುಮರಗಳ ರೆಂಬೆಗೆ ಅಂಟಿಕೊಂಡು ಬದುಕುವ ಒಂದು ಹುಳುವಿನ ಅಂಟು.

ಎರಡನೇ ಮಹಾಯುದ್ಧ ಏಷ್ಯಾದ ಸಮುದ್ರಮಾರ್ಗಗಳನ್ನು ಅಪಾಯಕ್ಕೆ ಸಿಲುಕಿಸಿತ್ತು. ಬಂದಷ್ಟು ಸರಕು ಸೈನ್ಯಕ್ಕೇ ಬೇಕಾಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧೋತ್ಪಾದನಾ ಮಂಡಳಿಯು ಪ್ಲೇಟು ತಯಾರಕರು ಬಳಸಬಹುದಾದ ಶೆಲ್ಯಾಕ್ ಪ್ರಮಾಣವನ್ನು ಶೇ 70ರಷ್ಟು ಕಡಿತಗೊಳಿಸಿತು. ಶೆಲ್ಯಾಕ್ ಎಂದರೆ ಬೇರೇನಲ್ಲ, ಅರಗು. ದುರ್ಯೋಧನ ಪಾಂಡವರಿಗಾಗಿ ವಾರಣಾವತದಲ್ಲಿ ಕಟ್ಟಿಸಿದ ಮನೆಯ ಅರಗು. ಅಂಚೆ ಕಚೇರಿಯಲ್ಲಿ ಇನ್ಶೂರ್ಡ್ ಪಾರ್ಸೆಲ್ಲಿನ ದಾರದ ಗಂಟಿನ ಮೇಲೆ ಮುದ್ರೆ ಒತ್ತುತ್ತಿದ್ದ ಅರಗು. ಮಹಾಭಾರತದ ಒಳಸಂಚಿನಿಂದ ನ್ಯೂಯಾರ್ಕಿನ ನೃತ್ಯಶಾಲೆಗಳ ಸಂಗೀತದವರೆಗೆ ಒಂದೇ ಪದಾರ್ಥ ಓಡಾಡಿದೆ ಎಂದರೆ ನಂಬುವುದು ಕಷ್ಟ. ಆದರೆ ಈ ಹುಳುವಿನ ಚರಿತ್ರೆಯಲ್ಲಿ ಇದಕ್ಕಿಂತ ನಂಬಲು ಕಷ್ಟವಾದ ಸಂಗತಿಗಳಿವೆ.

ಮೊದಲು ಹುಳುವಿನ ಸಂಸಾರ ನೋಡಬೇಕು. ಅರಗಿನ ಹುಳುವಿನ ಶಾಸ್ತ್ರೀಯ ಹೆಸರು ಕೆರಿಯಾ ಲ್ಯಾಕಾ. ಮೊಟ್ಟೆಯಿಂದ ಹೊರಬಂದಾಗ ಮರಿಯ ಉದ್ದ ಸುಮಾರು ಅರ್ಧ ಮಿಲಿಮೀಟರ್, ಬಣ್ಣ ಕೆಂಪು. ಮರಿಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ರೆಂಬೆಯ ಮೇಲೆ ಹರಿದಾಡುವಾಗ ತೊಗಟೆಗೆ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಎಳೆಯ ಚಿಗುರುರೆಂಬೆ ಸಿಕ್ಕಿದ ಕೂಡಲೇ ಮರಿ ತನ್ನ ಕೊಳವೆಯಂಥ ಬಾಯಿಯನ್ನು ತೊಗಟೆಯೊಳಕ್ಕೆ ಚುಚ್ಚಿ ರಸ ಹೀರಲು ಕೂರುತ್ತದೆ. ಹೆಣ್ಣಾದರೆ ಕೂತದ್ದೇ ಕೂತದ್ದು, ಮತ್ತೆ ಏಳುವುದಿಲ್ಲ. ಮೈಯಿಂದ ಒಸರುವ ಅಂಟು ಗಾಳಿಗೆ ಗಟ್ಟಿಯಾಗಿ ಸುತ್ತಲೂ ಗೂಡಾಗುತ್ತದೆ. ಆ ಗೂಡಿನೊಳಗೆ ಅದು ಕಾಲು ಕಳೆದುಕೊಳ್ಳುತ್ತದೆ, ಕಣ್ಣು ಕಳೆದುಕೊಳ್ಳುತ್ತದೆ, ಕೊನೆಗೆ ಬಾಯಿ, ಹೊಟ್ಟೆ, ಮೊಟ್ಟೆಯ ಚೀಲ ಇಷ್ಟೇ ಉಳಿದ ಒಂದು ಗುಂಡಗಿನ ಮುದ್ದೆಯಾಗುತ್ತದೆ. ಉಸಿರಾಟದ ರಂಧ್ರಗಳು ಮುಚ್ಚಿಹೋಗದಂತೆ ಬಿಳಿ ಮೇಣದ ಎಳೆಗಳನ್ನು ಹೊರಕ್ಕೆ ಚಾಚಿಕೊಂಡಿರುತ್ತದೆ.

ಗಂಡಿನ ಪಾಡು ಬೇರೆ. ಅದು ಬೆಳೆದ ಮೇಲೆ ತನ್ನ ಗೂಡಿನಿಂದ ಹೊರಬಿದ್ದು, ಹೆಣ್ಣುಗಳ ಗೂಡುಗಳ ಮೇಲೆ ಓಡಾಡಿ ಕೂಡಿ, ಮೂರ್ನಾಲ್ಕು ದಿನಗಳಲ್ಲಿ ಸತ್ತುಹೋಗುತ್ತದೆ. ಅಂಟಿನ ಬಹುಪಾಲು ತಯಾರಾಗುವುದು ಆ ನಂತರ, ಬಸುರಿ ಹೆಣ್ಣಿನ ಮೈಯಿಂದ. ಪಕ್ಕಪಕ್ಕದ ಗೂಡುಗಳು ಒಂದಕ್ಕೊಂದು ಬೆಸೆದುಕೊಂಡು ರೆಂಬೆಯ ಸುತ್ತ ಒರಟು ತೊಗಟೆಯ ಹಾಗೆ ದಪ್ಪ ಕವಚವಾಗುತ್ತದೆ. ಇನ್ನೂರು, ಐನೂರು ಮೊಟ್ಟೆಯಿಟ್ಟು ಹೆಣ್ಣು ಅಲ್ಲೇ ಸಾಯುತ್ತದೆ. ಇರುವೆಗಳಿಗೆ ಇಲ್ಲೊಂದು ಉದ್ಯೋಗವಿದೆ. ಹುಳು ವಿಸರ್ಜಿಸುವ ಸಿಹಿನೀರನ್ನು ಅವು ನೆಕ್ಕಿ ಶುಚಿ ಮಾಡುತ್ತವೆ. ಮಾಡದಿದ್ದರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಉಸಿರುಗಂಡಿಗಳೆಲ್ಲ ಮುಚ್ಚಿಹೋದಾವು. ಒಂದು ಕಿಲೋ ಅರಗಿಗೆ ಎಷ್ಟು ಹುಳು ಬೇಕು ಎಂಬ ಲೆಕ್ಕ ಒಬ್ಬೊಬ್ಬರದು ಒಂದೊಂದು. ಐವತ್ತು ಸಾವಿರದಿಂದ ಮೂರು ಲಕ್ಷದವರೆಗೂ ಹೇಳುವವರಿದ್ದಾರೆ.

ಜಾರ್ಖಂಡ್, ಛತ್ತೀಸಗಢ, ಪಶ್ಚಿಮ ಬಂಗಾಳದ ಪುರುಲಿಯಾ ಕಡೆಯ ಆದಿವಾಸಿ ಕುಟುಂಬಗಳಿಗೆ ಇದೊಂದು ಬೆಳೆ. ಮುತ್ತುಗ, ಬೋರೆ, ಕುಸುಮ್ ಮರಗಳು ಇವರ ಹೊಲ. ಮರಿಗಳು ಹೊರಡುವ ಹೊತ್ತು ನೋಡಿಕೊಂಡು, ಹುಳುವಿರುವ ರೆಂಬೆಗಳನ್ನು ಕತ್ತರಿಸಿ, ಕಂತೆ ಕಟ್ಟಿ ಹೊಸ ಮರದ ಕೊಂಬೆಗಳಿಗೆ ಬಿಗಿಯುತ್ತಾರೆ. ಬಿತ್ತನೆ ಎಂದರೆ ಇಷ್ಟೇ. ಮರಿಗಳು ಹರಿದು ಹೊಸ ಮರ ಹತ್ತಿಕೊಂಡ ಮೇಲೆ ಕಂತೆ ಬಿಚ್ಚಿ, ರೆಂಬೆಗೆ ಅಂಟಿದ ಅರಗನ್ನು ಹೆರೆದು ಸಂತೆಗೆ ಒಯ್ಯುತ್ತಾರೆ. ಮುತ್ತುಗ, ಬೋರೆ ಮರಗಳ ತಳಿಗೆ ರಂಗೀನಿ ಎಂದೂ ಕುಸುಮ್ ಮರದ ತಳಿಗೆ ಕುಸುಮಿ ಎಂದೂ ಹೆಸರು. ಎರಡೂ ವರ್ಷಕ್ಕೆರಡು ಬೆಳೆ ಕೊಡುತ್ತವೆ, ಕುಸುಮಿಗೆ ಬೆಲೆ ಜಾಸ್ತಿ. ಈ ಬೆಳೆಯ ಬಗ್ಗೆಯೇ ಅಧ್ಯಯನ ಮಾಡಲೆಂದು 1924ರಲ್ಲಿ ರಾಂಚಿ ಬಳಿಯ ನಾಮಕುಮ್‌ನಲ್ಲಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು ಎಂದರೆ ಆಗ ಅರಗಿನ ವ್ಯಾಪಾರ ಎಷ್ಟು ದೊಡ್ಡದಿತ್ತೆಂದು ಊಹಿಸಬಹುದು.

ಯುರೋಪಿನವರಿಗೆ ಬಹುಕಾಲ ಇದು ಮರದ ಅಂಟೋ ಇರುವೆಯ ಕೈಚಳಕವೋ ಗೊತ್ತಿರಲಿಲ್ಲ. ಹುಳುವಿನ ಜೀವನವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮುಖ್ಯನಾದವನು ಜೇಮ್ಸ್ ಕೆರ್. ಅವನ ಬರಹ 1781ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕೆರಿಯಾ ಎಂಬ ಹೆಸರು ಬಂದದ್ದು ಅವನಿಂದ. ಆದರೆ ಆ ಕಾಲದ ವ್ಯಾಪಾರಿಗಳ ಕಣ್ಣಿದ್ದದ್ದು ಅಂಟಿನ ಮೇಲಲ್ಲ, ಹುಳುವಿನ ಮೈಯ ಕೆಂಪು ಬಣ್ಣದ ಮೇಲೆ. ಉಣ್ಣೆ, ರೇಷ್ಮೆಗೆ ಹಾಕುವ ಆ ಬಣ್ಣ ಮೆಕ್ಸಿಕೋದಿಂದ ಬರುತ್ತಿದ್ದ ಇನ್ನೊಂದು ಹುಳುವಿನ ಕೆಂಪಿಗೆ ಪೈಪೋಟಿ ಕೊಡುತ್ತಿತ್ತು. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ತಯಾರಿಸಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಅಲ್ಲಿಂದ ಮುಂದೆ ಕೆಲವೇ ದಶಕಗಳಲ್ಲಿ ಕೃತಕ ಬಣ್ಣಗಳು ಪೇಟೆ ತುಂಬಿದವು. ಅರಗಿನ ಕೆಂಪನ್ನು ಕೇಳುವವರಿಲ್ಲವಾದರು. ಬಣ್ಣ ತೊಳೆದ ನೀರನ್ನು ಹೊರಗೆ ಚೆಲ್ಲಿ, ಅದುವರೆಗೆ ಎರಡನೇ ದರ್ಜೆಯಲ್ಲಿದ್ದ ಅಂಟನ್ನು ಮಾರುವ ಕಾಲ ಬಂತು.

ಆ ಅಂಟು ಪೇಟೆಯ ಶೆಲ್ಯಾಕ್ ಆಗುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಮಿರ್ಜಾಪುರದ ಭಟ್ಟಿಗಳಲ್ಲಿ, ಬಂಗಾಳ-ಬಿಹಾರದ ಊರುಗಳಲ್ಲಿ ನಡೆಯುತ್ತಿದ್ದ ಕೆಲಸವಿದು. ರೆಂಬೆಯಿಂದ ಹೆರೆದ ಅರಗನ್ನು ಕುಟ್ಟಿ, ಕಲ್ಲಿನ ತೊಟ್ಟಿಯಲ್ಲಿ ನೆನೆಹಾಕಿ, ಒಬ್ಬಾತ ಅದರಲ್ಲಿ ನಿಂತು ಕಾಲಿನಿಂದ ಉಜ್ಜಿ ಉಜ್ಜಿ ತೊಳೆಯುತ್ತಾನೆ. ಕೆಂಪು ನೀರು ಹೋಗಿ ಕಾಳುಕಾಳಾದ ಅರಗು ಉಳಿಯುತ್ತದೆ. ಒಣಗಿದ ಕಾಳನ್ನು ಹಲವು ಅಡಿ ಉದ್ದದ ಸಪೂರ ಬಟ್ಟೆಯ ಚೀಲಕ್ಕೆ ತುಂಬಿ, ಇದ್ದಿಲ ಒಲೆಯ ಮುಂದೆ ಹಿಡಿಯುತ್ತಾರೆ. ಒಂದು ತುದಿಯಲ್ಲಿ ಕೂತವನು ಚೀಲವನ್ನು ತಿರುಚುತ್ತಾ ಹೋದ ಹಾಗೆ ಒಲೆಯ ಮುಂದಿನ ಭಾಗದಿಂದ ಕರಗಿದ ಅರಗು ಬಟ್ಟೆಯ ನೂಲಿನ ಸಂದಿಯಲ್ಲಿ ಜಿನುಗುತ್ತದೆ. ಕಸಕಡ್ಡಿ ಒಳಗೇ ಉಳಿಯುತ್ತದೆ. ಜಿನುಗಿದ್ದನ್ನು ಬಳಿದು, ಬಿಸಿನೀರು ತುಂಬಿದ ಉರುಳೆಯ ಮೇಲೆ ಹರಡಿ ದಪ್ಪ ಹಾಳೆ ಮಾಡುತ್ತಾರೆ. ಆಮೇಲಿನದು ಕಸುಬಿನ ಕೊನೆಯ ವಿದ್ಯೆ. ಬಿಸಿಯಾರುವ ಮುನ್ನ ಒಬ್ಬ ಕೆಲಸಗಾರ ಆ ಹಾಳೆಯನ್ನೆತ್ತಿಕೊಂಡು ಒಲೆಯ ಮುಂದೆ ನಿಲ್ಲುತ್ತಾನೆ. ಕೆಳ ಅಂಚನ್ನು ಕಾಲ್ಬೆರಳಲ್ಲಿ, ಪಕ್ಕದ ಅಂಚುಗಳನ್ನು ಎರಡು ಕೈಯಲ್ಲಿ, ಮೇಲಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಳೆಯುತ್ತಾನೆ. ಎಳೆದಂತೆಲ್ಲ ಅದು ಹಿಗ್ಗಿ ಆಳೆತ್ತರದ ಹೊಂಬಣ್ಣದ ತೆಳು ಪರದೆಯಾಗುತ್ತದೆ. ಆರಿದ ಮೇಲೆ ಪುಡಿಪುಡಿ ಮಾಡಿ ಚೀಲಕ್ಕೆ ತುಂಬಿದರೆ ಅದೇ ಕಲ್ಕತ್ತಾ ಬಂದರಿನಿಂದ ಹೊರಡುವ ಶೆಲ್ಯಾಕ್.

ಪ್ಲಾಸ್ಟಿಕ್ಕಿನ ಹೆಸರೇ ಇಲ್ಲದ ಕಾಲದಲ್ಲಿ ಶೆಲ್ಯಾಕ್ ಪ್ಲಾಸ್ಟಿಕ್ಕಿನ ಕೆಲಸವನ್ನೆಲ್ಲ ಮಾಡಿತು. ಕಾಯಿಸಿದರೆ ಮೆತ್ತಗಾಗುತ್ತದೆ, ಅಚ್ಚಿನ ಸೂಕ್ಷ್ಮ ಗೆರೆಯನ್ನೂ ಬಿಡದೆ ಹಿಡಿಯುತ್ತದೆ, ಆರಿದರೆ ಕಲ್ಲಾಗುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಪೆಕ್ 1854ರಲ್ಲಿ ಶೆಲ್ಯಾಕಿಗೆ ಮರದ ಹೊಟ್ಟು ಬೆರೆಸಿ, ಕೆತ್ತನೆ ಇರುವ ಫೋಟೋ ಪೆಟ್ಟಿಗೆಗಳನ್ನು ಅಚ್ಚೊತ್ತಿದ. ಸಾಹೇಬರ ಗುಂಡುಟೋಪಿ ಮಡಚಿಕೊಳ್ಳದೆ ನಿಂತದ್ದು ಶೆಲ್ಯಾಕಿನ ಬಿಗುವಿನಿಂದ. ಕುರ್ಚಿ, ಮೇಜು, ಪಿಯಾನೋಗಳ ಮಿರುಗು ಅದರದ್ದೇ. ಪಟಾಕಿಯ ಬಣ್ಣದ ಮಿಣುಕುಗಳಲ್ಲೂ ಅದಿತ್ತು.

ಎಮಿಲ್ ಬರ್ಲಿನರ್‌ನ ಕಥೆ ಸೇರಿಕೊಳ್ಳುವುದು ಇಲ್ಲಿ. ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಈತ, ಎಡಿಸನ್ನನ ಉರುಳೆಗಳಿಗೆ ಬದಲು ಚಪ್ಪಟೆ ತಟ್ಟೆಯಲ್ಲಿ ಧ್ವನಿ ಮುದ್ರಿಸುವ ಗ್ರಾಮಫೋನನ್ನು 1887ರಲ್ಲಿ ರೂಪಿಸಿದ. ಒಂದು ಅಚ್ಚಿನಿಂದ ಸಾವಿರ ತಟ್ಟೆ ಒತ್ತಬಹುದೆಂಬುದೇ ಅವನ ಆಸ್ತಿ. ತೊಡಕಿದ್ದದ್ದು ತಟ್ಟೆ ಮಾಡುವ ಸಾಮಗ್ರಿಯಲ್ಲಿ. ಗಟ್ಟಿ ರಬ್ಬರಿನ ತಟ್ಟೆ ಎಲ್ಲ ಕಡೆ ಒಂದೇ ಸಮ ಅಚ್ಚಾಗದೆ ಅಲ್ಲಲ್ಲಿ ಧ್ವನಿ ಮಾಯವಾಗುತ್ತಿತ್ತು. ಪರಿಹಾರ ಸಿಕ್ಕಿದ್ದು ಗುಂಡಿ ತಯಾರಕರಲ್ಲಿ! ನ್ಯೂಜೆರ್ಸಿಯ ನೆವಾರ್ಕ್‌ನ ಡ್ಯೂರಿನಾಯ್ಡ್ ಎಂಬ ಕಂಪನಿ ಶೆಲ್ಯಾಕ್ ಮಿಶ್ರಣದಿಂದ ಅಂಗಿ-ಕೋಟುಗಳ ಗುಂಡಿ ಒತ್ತುತ್ತಿತ್ತು. ಗುಂಡಿಯಲ್ಲಿ ಹೂಬಳ್ಳಿ ಮೂಡುವುದಾದರೆ ತಟ್ಟೆಯಲ್ಲಿ ಧ್ವನಿಯ ಗೆರೆ ಮೂಡದೆ ಇದ್ದೀತೆ? 1895ರಿಂದ ಬರ್ಲಿನರ್‌ನ ಪ್ಲೇಟುಗಳು ಅಲ್ಲೇ ತಯಾರಾದವು. ಮುಂದಿನ ಅರ್ಧ ಶತಮಾನ ಲೋಕದ ಸಂಗೀತವೆಲ್ಲ ಅರಗಿನ ಮೇಲೆ ಸುತ್ತಿತು.

ಪ್ಲೇಟಿನಲ್ಲಿ ಬರೀ ಅರಗೇ ಇರುತ್ತಿರಲಿಲ್ಲ. ಅರಗು ಸಣ್ಣ ಪಾಲು. ಉಳಿದದ್ದು ಸ್ಲೇಟುಕಲ್ಲಿನ ಅಥವಾ ಸುಣ್ಣಕಲ್ಲಿನ ಹುಡಿ, ಕಪ್ಪು ಬಣ್ಣಕ್ಕೆ ಕಾಡಿಗೆ, ಹಿಡಿತಕ್ಕೆ ಹತ್ತಿಯ ನಾರು. ಕಲ್ಲಿನ ಹುಡಿ ಬೆರೆಸಿದ್ದು ಕೇವಲ ಖರ್ಚು ಉಳಿಸಲಲ್ಲ. ತಟ್ಟೆ ತಿರುಗತೊಡಗಿದ ಮೊದಲ ಕ್ಷಣಗಳಲ್ಲೇ ಆ ಒರಟು ಹುಡಿ ಉಕ್ಕಿನ ಸೂಜಿಯ ಮೊನೆಯನ್ನು ಮಸೆದು, ಗೆರೆಗೆ ಸರಿಯಾಗಿ ಕೂರುವಂತೆ ಮಾಡುತ್ತಿತ್ತು. ಅಂದರೆ ಸವೆಯಬೇಕಾದದ್ದು ಸೂಜಿ, ಹಾಡಲ್ಲ. ಹಾಗಾಗಿಯೇ ಗ್ರಾಮಫೋನಿನ ಜೊತೆ ಪುಟ್ಟ ತಗಡಿನ ಡಬ್ಬಿಯಲ್ಲಿ ರಾಶಿ ಸೂಜಿ ಬರುತ್ತಿದ್ದವು, ಪ್ರತಿ ಸಲ ಹೊಸದು ಸಿಕ್ಕಿಸಬೇಕಿತ್ತು. ಹಳೇ ಹಾಡುಗಳ ಹಿಂದೆ ಸದಾ ಕೇಳುವ ಸರ್ರನೆಯ ಸದ್ದು ಆ ಕಲ್ಲಿನ ಹುಡಿಯದು.

1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಕಲ್ಕತ್ತಾಕ್ಕೆ ಬಂದು ಗಾಯಕಿ ಗೌಹರ್ ಜಾನಳ ಹಾಡು ಮುದ್ರಿಸಿದ. ಅಚ್ಚಾಗಬೇಕಿದ್ದದ್ದು ಹ್ಯಾನೋವರ್‌ನ ಕಾರ್ಖಾನೆಯಲ್ಲಿ. ಅಲ್ಲಿನವರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲೆಂದು ಹಾಡು ಮುಗಿದೊಡನೆ ಗಾಯಕರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ವಾಡಿಕೆ. ಗೌಹರ್ ಅದನ್ನು ಹೇಳುವ ಠೇಂಕಾರವೇ ಅವಳ ಗುರುತಾಯಿತು. ಭಾರತದ ಕಾಡಿನಿಂದ ಹೊರಟ ಅರಗು ಜರ್ಮನಿಗೆ ಹೋಗಿ, ಭಾರತದ ಗಾಯಕಿಯ ದನಿ ಹೊತ್ತು ಮತ್ತೆ ಭಾರತದ ಅಂಗಡಿಗೆ ಬರುತ್ತಿತ್ತು. 1908ರಲ್ಲಿ ಕಲ್ಕತ್ತಾದ ಸಿಯಾಲದಾದಲ್ಲಿ ಕಾರ್ಖಾನೆ ಶುರುವಾದ ಮೇಲಷ್ಟೇ ಈ ಸುತ್ತು ತಪ್ಪಿತು. ಗೌಹರ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದಳು. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಅಲ್ಲೇ.

ಹತ್ತಿಂಚಿನ ತಟ್ಟೆ, ನಿಮಿಷಕ್ಕೆ 78 ಸುತ್ತು. ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಆಲಾಪಿಸುವವರೂ ರಾಗವನ್ನು ಆ ಮೂರು ನಿಮಿಷಕ್ಕೆ ಹಿಂಡಬೇಕಾಯಿತು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರೂ, ಆಗ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಗಂಗೂಬಾಯಿ ಹಾನಗಲ್ಲರೂ ಧಾರವಾಡ-ಹುಬ್ಬಳ್ಳಿಯ ಆಚೆಗೆ ಮನೆಮನೆಗೆ ತಲುಪಿದ್ದು ಇಂಥ ಪ್ಲೇಟುಗಳಿಂದ. ಸಿನಿಮಾ ಹಾಡು ಬಹುಕಾಲ ಮೂರು-ಮೂರೂವರೆ ನಿಮಿಷಕ್ಕೆ ಮುಗಿಯುತ್ತಿದ್ದುದರ ಹಿಂದೆಯೂ ಈ ಅಳತೆಯೇ ಇದೆ. ಪ್ಲೇಟಿನ ನಡುವಿನ ಕಾಗದದ ಮೇಲೆ ಗಾಯಕರ ಹೆಸರಿತ್ತು, ಕಂಪನಿಯ ಹೆಸರಿತ್ತು, ಕಹಳೆಗೆ ಕಿವಿಗೊಟ್ಟು ಕೂತ ನಾಯಿಯ ಚಿತ್ರವೂ ಇತ್ತು. ಹಲ್ಲಿನಲ್ಲಿ ಅರಗು ಕಚ್ಚಿ ಎಳೆದವರಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಪ್ಲೇಟುಗಳ ಆರಂಭದ ದಿನಗಳಲ್ಲೇ ವಿದ್ಯುತ್ತಿನ ಯುಗವೂ ಬಂದಿತ್ತು. ತಂತಿ, ಸುರುಳಿಗಳಿಗೆ ನಿರೋಧಕ ಲೇಪವಾಗಿ ಎಲ್ಲರಿಗೂ ಶೆಲ್ಯಾಕ್ ಬೇಕು. ಹುಳುವಾದರೋ ತನ್ನ ವರ್ಷಕ್ಕೆರಡು ಬೆಳೆಯ ಲೆಕ್ಕ ಬಿಟ್ಟು ಕದಲುವುದಿಲ್ಲ. ಬೇಡಿಕೆ, ಬೆಲೆ ಎರಡೂ ಏರಿದ್ದನ್ನು ಗಮನಿಸಿದವನು ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ಲಿಯೋ ಬೇಕ್‌ಲ್ಯಾಂಡ್. ಫೋಟೋ ಕಾಗದದ ಹಕ್ಕನ್ನು ಕೊಡಾಕ್‌ನ ಈಸ್ಟ್‌ಮನ್‌ಗೆ ಮಾರಿ ಹಣವಂತನಾಗಿದ್ದ ಈತ, ನ್ಯೂಯಾರ್ಕ್ ಬಳಿಯ ತನ್ನ ಮನೆಯ ಪ್ರಯೋಗಶಾಲೆಯಲ್ಲಿ ಕೃತಕ ಅರಗಿನ ಬೆನ್ನುಹತ್ತಿದ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿ, ಒತ್ತಡದಲ್ಲಿ ಕಾಯಿಸಿದಾಗ 1907ರಲ್ಲಿ ಸಿಕ್ಕಿದ್ದು ಅರಗಿನಂತೆ ಮತ್ತೆ ಕರಗದ, ಏನು ಮಾಡಿದರೂ ಮೆತ್ತಗಾಗದ ಒಂದು ವಸ್ತು. ಅದೇ ಬೇಕಲೈಟ್, ಸಂಪೂರ್ಣ ಕೃತಕವಾದ ಮೊದಲ ಪ್ಲಾಸ್ಟಿಕ್. ನಮ್ಮ ಹಳೇ ಮನೆಗಳ ಗೋಡೆಯ ಕಪ್ಪು ಸ್ವಿಚ್ಚು, ಭಾರದ ಕಪ್ಪು ಟೆಲಿಫೋನು ಎಲ್ಲ ಅದರವೇ. ಇಂದು ಲೋಕವನ್ನೇ ಮುಳುಗಿಸಿರುವ ಪ್ಲಾಸ್ಟಿಕ್ಕಿನ ವಂಶವೃಕ್ಷದ ಬುಡದಲ್ಲಿ ಅರಗಿನ ಹುಳುವಿನ ಕೊರತೆ ಕೂತಿದೆ.

ಪ್ಲೇಟುಗಳು ಮಾತ್ರ ಅರಗನ್ನು ಬಿಡಲಿಲ್ಲ, ಬಿಡಿಸಿದ್ದು ಯುದ್ಧ. ಸೈನಿಕರಿಗೆ ಹಡಗಿನಲ್ಲಿ ಕಳಿಸಿದ ಶೆಲ್ಯಾಕ್ ಪ್ಲೇಟುಗಳು ದಾರಿಯಲ್ಲೇ ಒಡೆದು ಚೂರಾಗುತ್ತಿದ್ದವು. 1943ರಿಂದ ಅಮೆರಿಕದ ಸೈನ್ಯಕ್ಕಾಗಿ ವಿ-ಡಿಸ್ಕ್ ಎಂಬ ಪ್ಲೇಟುಗಳನ್ನು ವಿನೈಲ್‌ನಲ್ಲಿ ಒತ್ತತೊಡಗಿದರು. ಬಿದ್ದರೆ ಒಡೆಯದು, ಕಲ್ಲಿನ ಹುಡಿ ಇಲ್ಲದ್ದರಿಂದ ಸದ್ದೂ ಕಡಿಮೆ. 1948ರಲ್ಲಿ ಕೊಲಂಬಿಯಾ ಕಂಪನಿ ವಿನೈಲ್‌ನ ಎಲ್‌ಪಿ ತಂದಿತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ. ಪಶ್ಚಿಮದಲ್ಲಿ ಅರಗಿನ ಪ್ಲೇಟಿನ ಕಾಲ ಅಲ್ಲಿಂದ ಮುಗಿಯುತ್ತಾ ಬಂತು.

ಭಾರತದಲ್ಲಿ ಮುಗಿಯಲಿಲ್ಲ. ಅರಗು ಇಲ್ಲೇ ಬೆಳೆಯುತ್ತಿತ್ತು, ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ಕರೆಂಟಿಲ್ಲದ ಊರುಗಳಲ್ಲಿ ಹಾಡುತ್ತಲೇ ಇದ್ದವು. ಹೀಗಾಗಿ ಒಂದು ಚೋದ್ಯ ನಡೆಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಬೀಟಲ್ಸ್ ಹಾಡುಗಳು ತಮ್ಮ ತವರಿನಲ್ಲಿ ವಿನೈಲ್ ಪ್ಲೇಟುಗಳಾಗಿ ಮಾರಾಟವಾಗುತ್ತಿದ್ದಾಗ ಕಲ್ಕತ್ತಾದ ಡಂಡಂ ಕಾರ್ಖಾನೆಯಲ್ಲಿ ಅವೇ ಹಾಡುಗಳು 78 ಸುತ್ತಿನ ಹಳೇ ಮಾದರಿಯ ತಟ್ಟೆಗಳಲ್ಲಿ ಅಚ್ಚಾಗುತ್ತಿದ್ದವು. ಅಂದು ಹಿಂದುಳಿದವರ ಸರಕಾಗಿದ್ದ ಆ ಪ್ಲೇಟುಗಳಿಗಾಗಿ ಇಂದು ದೇಶವಿದೇಶದ ಸಂಗ್ರಾಹಕರು ದುಬಾರಿ ಬೆಲೆ ತೆರುತ್ತಾರೆ.

ಕರ್ನಾಟಕದಲ್ಲಿ ಅರಗಿನ ಕೆಲಸವನ್ನು ಹತ್ತಿರದಿಂದ ನೋಡಬೇಕೆನ್ನುವವರು ಚನ್ನಪಟ್ಟಣಕ್ಕೆ ಹೋದರೆ ಸಾಕು. ಹಗುರಾದ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ಅದು ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬೆಂಕಿಯ ಹಂಗಿಲ್ಲ, ಕುಂಚ ಬೇಕಿಲ್ಲ. ಆಮೇಲೆ ಒಣಗಿದ ಕೇದಗೆ ಎಲೆಯ ಮಡಿಕೆಯನ್ನು ಅದರ ಮೇಲೆ ಒತ್ತಿ ಒಂದೆರಡು ಸಲ ಅತ್ತಿತ್ತ ಎಳೆದರೆ ಕನ್ನಡಿಯ ಹೊಳಪು. ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲ ಎಂದು ಈ ಗೊಂಬೆಗಳನ್ನು ಮಾರುವವರು ಹೇಳುವುದು ಅರಗು ಮತ್ತು ಗಿಡಮೂಲದ ಬಣ್ಣಗಳನ್ನು ನಂಬಿಕೊಂಡೇ.

ಮಗು ಮಾತ್ರವಲ್ಲ, ದೊಡ್ಡವರೂ ಅರಗು ತಿನ್ನುತ್ತಿದ್ದಾರೆ. ಅರಗು ಆಮ್ಲಕ್ಕೆ ಕರಗುವುದಿಲ್ಲ, ಕ್ಷಾರಕ್ಕೆ ಕರಗುತ್ತದೆ. ಜಠರದ ಆಮ್ಲವನ್ನು ದಾಟಿ ಕರುಳು ತಲುಪಿದ ಮೇಲಷ್ಟೇ ಬಿಚ್ಚಿಕೊಳ್ಳಬೇಕಾದ ಮಾತ್ರೆಗಳಿಗೆ ಇದರ ಲೇಪ ಕೊಡುವುದುಂಟು. ಬಣ್ಣಬಣ್ಣದ ಪೆಪ್ಪರಮಿಂಟು ಕೈಗೆ ಅಂಟದಿರಲು, ಚಾಕೊಲೇಟು ಗುಂಡುಗಳು ಮಿರುಗಲು, ಶೈತ್ಯಾಗಾರದಿಂದ ಬಂದ ಸೇಬು ತೇವ ಕಳೆದುಕೊಳ್ಳದಿರಲು ತೆಳ್ಳಗೆ ಅರಗು ಬಳಿಯುತ್ತಾರೆ. ಪ್ರಾಣಿಜನ್ಯ ಯಾವುದನ್ನೂ ಮುಟ್ಟದ ವೀಗನ್ನರು ಇದನ್ನು ದೂರವಿಡುತ್ತಾರೆ, ಜೇನು ತಿನ್ನುವವರು ಇದರಲ್ಲಿ ತಪ್ಪೇನು ಎಂದು ಕೇಳುತ್ತಾರೆ. ವಾದ ಇನ್ನೂ ನಡೆದಿದೆ. ಪೊಟ್ಟಣದ ಹಿಂಬದಿಯಲ್ಲಿ ಕೀಟದ ಹೆಸರೇನೂ ಇರುವುದಿಲ್ಲ. ಮಿರುಗು ಕೊಡುವ ಪದಾರ್ಥ ಎಂಬ ಮಾತಿನ ಪಕ್ಕದಲ್ಲಿ 904 ಎಂಬ ಸಂಖ್ಯೆ ಕಂಡರೆ, ಅದು ಮುತ್ತುಗದ ರೆಂಬೆಯಿಂದಲೋ ಕುಸುಮ್ ಮರದಿಂದಲೋ ಬಂದ ಅರಗು.